ಮಾರ್ಟಿನ್ನೋ, ಟೇಲರ್ರೋ? ಒಂದು ಗಿಟಾರಿನ ಕತ್ತಿನ ಕಥೆ

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ರಿಲೀಸು ಅಂತ ಕಾರಣ ಹೇಳಬಹುದು, ಆದರೆ ಅದು ಪೂರ್ತಿ ನಿಜ ಅಲ್ಲ. ಎರಡು ತಿಂಗಳಿಂದ ಒಂದೇ ಪ್ರಶ್ನೆ ತಲೆ ಕೊರೆಯುತ್ತಿತ್ತು. ಮಾರ್ಟಿನ್ ತಗೊಳ್ಳಲಾ, ಟೇಲರ್ ತಗೊಳ್ಳಲಾ?

ಗಿಟಾರ್ ಗೊತ್ತಿಲ್ಲದವರಿಗೆ ಎರಡೇ ಮಾತು. ಮಾರ್ಟಿನ್ ಮತ್ತು ಟೇಲರ್ ಅಮೆರಿಕದ ಎರಡು ಅಕೂಸ್ಟಿಕ್ ಗಿಟಾರ್ ಕಂಪನಿಗಳು. ಒಂದು ಶುರುವಾದದ್ದು 1833ರಲ್ಲಿ, ಇನ್ನೊಂದು 1974ರಲ್ಲಿ. ಎರಡರದ್ದೂ ಒಳ್ಳೆಯ ಗಿಟಾರು ಬೇಕೆಂದರೆ ಹೊಸದಕ್ಕೆ ಮೂರು ಸಾವಿರ ಡಾಲರಿಗೆ ಮೇಲ್ಪಟ್ಟು ತೆರಬೇಕು. ನನ್ನಂಥವನು ಜೀವನದಲ್ಲಿ ಒಮ್ಮೆ ಮಾತ್ರ ಕೊಳ್ಳುವ ವಸ್ತು. ಈ ವರ್ಷದ ಕೊನೆಗೆ ಅಮೆರಿಕ ಬಿಟ್ಟು ಊರಿಗೆ ವಾಪಸು ಹೊರಟಿದ್ದೇನೆ. ಹೋಗುವ ಮೊದಲು ನನಗೆ ನಾನೇ ಕೊಟ್ಟುಕೊಳ್ಳುವ ಉಡುಗೊರೆ ಅಂತ ಇಟ್ಟುಕೊಳ್ಳಿ :-)

ಆದರೆ ನನ್ನ ಭಯ ಬೆಲೆಯದ್ದಲ್ಲ. ಅದಕ್ಕೊಂದು ಹಳೆಯ ಗಾಯ ಇದೆ.

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ಮೂರೂವರೆ ಸಾವಿರ ರೂಪಾಯಿ ಕೊಟ್ಟು ಒಂದು ಗಿಟಾರ್ ತಂದಿದ್ದೆ. ಅಪ್ಪನಿಗೆ ಹೇಳಿದ್ದು ಲ್ಯಾಬ್ ಫೀಸು ಅಂತ. (ಅಪ್ಪ ಇದನ್ನು ಓದುವುದಿಲ್ಲ ಅನ್ನುವ ಧೈರ್ಯ.) ಹಾಸ್ಟೆಲಿನಲ್ಲಿ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಮೂರನೇ ವರ್ಷದ ಹೊತ್ತಿಗೆ ತಂತಿಗಳು ಫ್ರೆಟ್ಟಿನಿಂದ ಎಷ್ಟು ಮೇಲೆ ನಿಂತುಬಿಟ್ಟವೆಂದರೆ, ಹನ್ನೆರಡನೇ ಫ್ರೆಟ್ಟಿನ ಹತ್ತಿರ ಕೆಳಗಡೆ ಪೆನ್ಸಿಲ್ ತೂರಿಸಬಹುದಿತ್ತು. ಒತ್ತಿದರೆ ಬೆರಳು ಕೊಯ್ದುಹೋಗುತ್ತಿತ್ತು. ರಿಪೇರಿಯವರ ಹತ್ತಿರ ಒಯ್ದೆ. ಅವರು ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿ, "ಕತ್ತು ಎದ್ದಿದೆ ಸಾರ್. ಇದನ್ನ ಸರಿ ಮಾಡೋ ದುಡ್ಡಿಗೆ ಹೊಸದೇ ಬರತ್ತೆ" ಅಂದರು. ಅಷ್ಟೇ. ಆ ಗಿಟಾರ್ ಇವತ್ತಿಗೂ ಊರಿನ ಅಟ್ಟದ ಮೇಲಿದೆ.

ಅಂದಿನಿಂದ ನನಗೊಂದು ಪ್ರಶ್ನೆ ಉಳಿದಿತ್ತು. ಕತ್ತು ಯಾಕೆ ಏಳುತ್ತದೆ? ಅಗ್ಗದ ಗಿಟಾರಿಗೆ ಮಾತ್ರ ಬರುವ ರೋಗವೇ ಇದು? ಮಾರ್ಟಿನ್ನೋ ಟೇಲರ್ರೋ ಅಂತ ಹುಡುಕುತ್ತ ಹೋದವನಿಗೆ ಸಿಕ್ಕಿದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತಿತ್ತು. ಹಾಗಾಗಿ ಈ ಬರಹ.

ಮೊದಲು ಲೆಕ್ಕ. ಅಕೂಸ್ಟಿಕ್ ಗಿಟಾರಿಗೆ ಹಾಕುವ ಆರು ಉಕ್ಕಿನ ತಂತಿಗಳನ್ನು ಶ್ರುತಿ ಮಾಡಿದಾಗ ಅವೆಲ್ಲ ಸೇರಿ ಎಳೆಯುವ ಬಲ ಸುಮಾರು 70 ಕೆಜಿ. ಒಬ್ಬ ಮನುಷ್ಯ ಹಗಲೂ ರಾತ್ರಿ ತಂತಿಗೆ ಜೋತುಬಿದ್ದ ಹಾಗೆ! ಈ ಎಳೆತ ತಡೆಯಬೇಕಾದ್ದು ಸುಮಾರು 3 ಮಿಲಿಮೀಟರ್ ದಪ್ಪದ ಸ್ಪ್ರೂಸ್ ಮರದ ಹಲಗೆ. ದಪ್ಪ ಮಾಡಿದರೆ ಗಟ್ಟಿ, ಆದರೆ ನಾದ ಸತ್ತುಹೋಗುತ್ತದೆ. ತೆಳು ಮಾಡಿದರೆ ನಾದ ಚೆನ್ನ, ಆದರೆ ಮುರಿದುಬೀಳುತ್ತದೆ. ಒಳ್ಳೆಯ ಗಿಟಾರ್ ಅಂದರೆ ಮುರಿಯುವುದಕ್ಕೆ ಸ್ವಲ್ಪವೇ ಹಿಂದೆ ನಿಂತಿರುವ ಗಿಟಾರ್. ದಶಕಗಳು ಕಳೆದಂತೆ ಬ್ರಿಡ್ಜಿನ ಹಿಂದೆ ಹೊಟ್ಟೆ ಉಬ್ಬುತ್ತದೆ, ಕತ್ತು ನಿಧಾನವಾಗಿ ಮುಂದಕ್ಕೆ ಬಾಗುತ್ತದೆ, ತಂತಿ ಮೇಲೇರುತ್ತದೆ. ಮೂರೂವರೆ ಸಾವಿರ ರೂಪಾಯಿಯದ್ದಾದರೂ ಅಷ್ಟೇ, ಮೂರು ಸಾವಿರ ಡಾಲರಿನದ್ದಾದರೂ ಅಷ್ಟೇ. ವ್ಯತ್ಯಾಸ ಇರುವುದು ಎಷ್ಟು ವರ್ಷಕ್ಕೆ ಅನ್ನುವುದರಲ್ಲಿ ಮತ್ತು ಆಮೇಲೆ ಏನು ಮಾಡಬಹುದು ಅನ್ನುವುದರಲ್ಲಿ.

ಈಗ ಕಥೆಗೆ ಬರೋಣ.

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ ಮಾರ್ಕ್‌ನಾಯ್‌ಕಿರ್ಷನ್ ಅಂತ ಒಂದು ಊರು. ವಾದ್ಯ ಮಾಡುವವರದ್ದೇ ಊರು. ಅಲ್ಲಿ 1796ರಲ್ಲಿ ಮರಗೆಲಸದವರ ಮನೆಯಲ್ಲಿ ಕ್ರಿಶ್ಚಿಯನ್ ಫ್ರೆಡೆರಿಕ್ ಮಾರ್ಟಿನ್ ಹುಟ್ಟಿದ. ವಿಯೆನ್ನಾಕ್ಕೆ ಹೋಗಿ ಆ ಕಾಲದ ದೊಡ್ಡ ಗಿಟಾರ್ ತಯಾರಕ ಯೋಹಾನ್ ಗಿಯೋರ್ಗ್ ಸ್ಟೌಫರ್ ಹತ್ತಿರ ಕೆಲಸ ಕಲಿತ. ಊರಿಗೆ ಬಂದರೆ ಅಲ್ಲೊಂದು ಜಗಳ. ಪಿಟೀಲು ಮಾಡುವವರ ಸಂಘದವರು, ಗಿಟಾರ್ ಮಾಡುವ ಹಕ್ಕು ನಮ್ಮದು, ಪೆಟ್ಟಿಗೆ ಬೀರು ಮಾಡುವ ಮರಗೆಲಸದವರಿಗೆ ಅದರಲ್ಲೇನು ಕೆಲಸ ಅಂತ ಪಟ್ಟು ಹಿಡಿದಿದ್ದರು. ವರ್ಷಗಟ್ಟಲೆ ವ್ಯಾಜ್ಯ ನಡೆದು ಕೊನೆಗೆ ಗೆದ್ದದ್ದು ಮರಗೆಲಸದವರೇ. ಆದರೆ ಮಾರ್ಟಿನ್‌ಗೆ ಈ ಸಂಘಗಳ ಸಹವಾಸ ಸಾಕಾಗಿತ್ತು. 1833ರಲ್ಲಿ ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದು ಹಡ್ಸನ್ ಬೀದಿಯಲ್ಲಿ ಅಂಗಡಿ ತೆರೆದ.

ಮುಂದಿನದ್ದು ನಮ್ಮ ಎನ್ನಾರೈ ಕಥೆಯೇ. ನ್ಯೂಯಾರ್ಕ್ ಒಗ್ಗಲಿಲ್ಲ. ಐದಾರು ವರ್ಷಕ್ಕೇ ಪೆನ್ಸಿಲ್ವೇನಿಯಾದ ನಜರೆತ್ ಅನ್ನುವ ಊರಿಗೆ ಗಂಟುಮೂಟೆ ಕಟ್ಟಿದರು. ಅದು ಮೊರೇವಿಯನ್ ಪಂಥದ ಕ್ರೈಸ್ತರು ಕಟ್ಟಿದ ಊರು, ಸುತ್ತಮುತ್ತ ಜರ್ಮನ್ ಮಾತು. (ನಾವು ಬಂದಕೂಡಲೇ ಕನ್ನಡದವರು ಯಾರಿದ್ದಾರೆ ಅಂತ ಹುಡುಕುವುದಿಲ್ಲವೇ, ಹಾಗೆ.) ಕಂಪನಿ ಇವತ್ತಿಗೂ ಅದೇ ಊರಿನಲ್ಲಿದೆ, ಅದೇ ಕುಟುಂಬದ ಒಡೆತನದಲ್ಲಿದೆ. 2021ರಲ್ಲಿ ಆರನೇ ತಲೆಮಾರಿನ ಕ್ರಿಸ್ ಮಾರ್ಟಿನ್ ಸಿಇಓ ಹುದ್ದೆ ಬಿಟ್ಟಾಗಲೇ ಮೊದಲ ಬಾರಿಗೆ ಹೊರಗಿನವರೊಬ್ಬರು ಆ ಕುರ್ಚಿಗೆ ಬಂದದ್ದು.

ನಾನಿರುವ ನ್ಯೂಜೆರ್ಸಿಯಿಂದ ನಜರೆತ್‌ಗೆ ಕಾರಿನಲ್ಲಿ ಒಂದೂವರೆ ಗಂಟೆ. ಒಂದು ಶನಿವಾರ ಹೋಗಿಬಂದೆ. ಕಾರ್ಖಾನೆಯ ಜೊತೆಗೇ ಒಂದು ಮ್ಯೂಸಿಯಂ ಇದೆ. ಅಲ್ಲಿ ಎಲ್ಲರೂ ದೊಡ್ಡ ದೊಡ್ಡ ಹಾಡುಗಾರರು ನುಡಿಸಿದ ಗಿಟಾರುಗಳ ಮುಂದೆ ನಿಂತಿದ್ದರೆ ನಾನು ನಿಂತದ್ದು ಶುರುವಿನ ಕಾಲದ ಪುಟ್ಟ ಗಿಟಾರುಗಳ ಮುಂದೆ. ಸ್ಟೌಫರ್ ಮಾದರಿಯವು. ಆರೂ ಬಿರಡೆಗಳು ತಲೆಯ ಒಂದೇ ಬದಿಗೆ.

ಆ ಮಾದರಿಯ ವಿಶೇಷ ಕೇಳಿ. ಕತ್ತು ದೇಹಕ್ಕೆ ಸೇರುವ ಬುಡದಲ್ಲಿ ಒಂದು ಸಣ್ಣ ತೂತು. ಗಡಿಯಾರಕ್ಕೆ ಕೀ ಕೊಡುವಂಥ ಕೀಲಿಯನ್ನು ಅದರೊಳಗೆ ಹಾಕಿ ತಿರುಗಿಸಿದರೆ ಕತ್ತಿನ ಕೋನವೇ ಬದಲಾಗುತ್ತದೆ! ತಂತಿ ಮೇಲೆದ್ದಿದೆಯೇ, ಕೀಲಿ ತಿರುಗಿಸು, ಕೆಳಗಿಳಿಸು. ಅಂದರೆ ಬೆಂಗಳೂರಿನಲ್ಲಿ "ಹೊಸದೇ ತಗೊಳ್ಳಿ" ಅಂದ ರೋಗಕ್ಕೆ ಸುಮಾರು ಇನ್ನೂರು ವರ್ಷದ ಹಿಂದೆಯೇ ವಿಯೆನ್ನಾದಲ್ಲಿ ಮದ್ದಿತ್ತು. ಅದನ್ನು ಮಾರ್ಟಿನ್ ಅಮೆರಿಕಕ್ಕೂ ತಂದಿದ್ದ. ಅಲ್ಲೇ ನಿಂತು ನಾನು ಹತ್ತು ನಿಮಿಷ ಅದನ್ನೇ ನೋಡಿದೆ.

ಆದರೆ ಆ ಕೀಲಿ ಉಳಿಯಲಿಲ್ಲ. ಕ್ರಮೇಣ ಮಾರ್ಟಿನ್ ಗಿಟಾರುಗಳಿಂದ ಮಾಯವಾಯಿತು. ಕತ್ತು ದೇಹಕ್ಕೆ ಖಾಯಂ ಆಗಿ ಅಂಟಿಕೊಂಡಿತು. ಅದಕ್ಕೆ ಡವ್‌ಟೇಲ್ ಜೋಡಣೆ ಅನ್ನುತ್ತಾರೆ. ಪಾರಿವಾಳದ ಬಾಲದಂತೆ ತುದಿ ಅಗಲವಾದ ಗೂಟವನ್ನು ಅದೇ ಆಕಾರದ ಕಚ್ಚಿನಲ್ಲಿ ಕೂರಿಸಿ ಅಂಟು ಹಾಕುವುದು. ನಮ್ಮ ಕಡೆ ಹಳೆಯ ಪೆಟ್ಟಿಗೆಗಳ ಮೂಲೆಯಲ್ಲಿ ಈ ಥರದ ಕೆಲಸ ನೋಡಿರುತ್ತೀರಿ. ಚೆನ್ನಾಗಿ ಕೂರಿಸಿದರೆ ಕತ್ತು ದೇಹ ಎರಡೂ ಒಂದೇ ಮರವೋ ಅನ್ನುವಷ್ಟು ಬಿಗಿ.

ಮಾರ್ಟಿನ್ ಜಗತ್ತಿಗೆ ಕೊಟ್ಟದ್ದು ಇನ್ನೊಂದು ದೊಡ್ಡ ವಸ್ತು. ಹೊರಗಿನಿಂದ ಅದು ಕಾಣುವುದಿಲ್ಲ. ಮೇಲುಹಲಗೆಯ ಒಳಗಡೆ ಎರಡು ಪಟ್ಟಿಗಳನ್ನು ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ಅಡ್ಡ ಹಾಕಿ ಅಂಟಿಸುವ ಎಕ್ಸ್-ಬ್ರೇಸಿಂಗ್. 1840ರ ದಶಕದಲ್ಲಿ ಮಾರ್ಟಿನ್ ಗಿಟಾರುಗಳಲ್ಲಿ ಇದು ಕಾಣಿಸಿಕೊಂಡಿತು. ತಮಾಷೆ ಏನೆಂದರೆ ಆಗ ಇದ್ದದ್ದು ಪ್ರಾಣಿಯ ಕರುಳಿನ ತಂತಿ. ಅದರ ಎಳೆತ ಉಕ್ಕಿನಷ್ಟಿಲ್ಲ. ಎಂಬತ್ತು ವರ್ಷ ಕಳೆದು, 1920ರ ದಶಕದಲ್ಲಿ ಮಾರ್ಟಿನ್ ಉಕ್ಕಿನ ತಂತಿಗೆ ಬದಲಾದಾಗ ಈ ಎಕ್ಸ್ ನಿಜವಾಗಿ ಕೆಲಸಕ್ಕೆ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಯಾವತ್ತೋ ಯಾರೋ ಚೆನ್ನಾಗಿ ಬರೆದಿಟ್ಟ ಕೋಡು ಯಾರೂ ಊಹಿಸದ ಲೋಡು ಬಂದಾಗಲೂ ತಡೆದುಕೊಂಡ ಹಾಗೆ.

1916ರಲ್ಲಿ ಡಿಟ್ಸನ್ ಅನ್ನುವ ಸಂಗೀತದ ಅಂಗಡಿಗೋಸ್ಕರ ಮಾರ್ಟಿನ್ ಒಂದು ದೊಡ್ಡ ಗಿಟಾರ್ ಮಾಡಿತು. ಅಗಲ ಸೊಂಟ, ಗಡಸು ಧ್ವನಿ. 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್‌ನ ಹೆಸರನ್ನೇ ಇದಕ್ಕಿಟ್ಟರು. 1931ರಿಂದ ಅದನ್ನು ಮಾರ್ಟಿನ್ ತನ್ನ ಹೆಸರಿನಲ್ಲೇ ಮಾರತೊಡಗಿತು. ಇವತ್ತು ನೀವು ಯಾವ ಕಾಲೇಜು ಫೆಸ್ಟಿನಲ್ಲಿ, ಯಾವ ಸಿನಿಮಾದಲ್ಲಿ ಅಕೂಸ್ಟಿಕ್ ಗಿಟಾರ್ ನೋಡಿದರೂ ಅದು ಈ ಆಕಾರದ್ದೇ ಆಗಿರುವ ಸಾಧ್ಯತೆ ಹೆಚ್ಚು. ಅಟ್ಟದ ಮೇಲಿರುವ ನನ್ನ ಗಿಟಾರೂ ಡ್ರೆಡ್‌ನಾಟೇ.

ಉಕ್ಕಿನ ತಂತಿ ಬಂದ ಮೇಲೆ ಕತ್ತಿನ ಸಮಸ್ಯೆ ದೊಡ್ಡದಾಯಿತು. ಎದುರಾಳಿ ಗಿಬ್ಸನ್ ಕಂಪನಿ ಕತ್ತಿನೊಳಗೆ ತಿರುಗಿಸಬಹುದಾದ ಕಬ್ಬಿಣದ ಸರಳು ಇಟ್ಟು 1923ರಲ್ಲಿ ಪೇಟೆಂಟ್ ಪಡೆಯಿತು. ಅದೇ ಟ್ರಸ್ ರಾಡ್. ಮಾರ್ಟಿನ್ ಇದನ್ನು ಹಾಕಿದ್ದು 1985ರಲ್ಲಿ! ಅರವತ್ತು ವರ್ಷ ತಡ. ಸಂಪ್ರದಾಯ ಅಂದರೆ ಹೀಗಿರಬೇಕು ನೋಡಿ :-) ಅಂದ ಹಾಗೆ, ಟ್ರಸ್ ರಾಡ್ ಕತ್ತು ಬಿಲ್ಲಿನಂತೆ ಬಾಗಿದ್ದನ್ನು ನೆಟ್ಟಗೆ ಮಾಡುತ್ತದೆಯೇ ಹೊರತು ಕತ್ತು ದೇಹಕ್ಕೆ ಸೇರುವ ಕೋನವನ್ನು ಸರಿಮಾಡುವುದಿಲ್ಲ. ನಾನು ಕೂಡ ಇವೆರಡೂ ಒಂದೇ ಅಂದುಕೊಂಡು ಹಾಸ್ಟೆಲಿನಲ್ಲಿ ಅಲೆನ್ ಕೀ ಹಿಡಿದು ಮನಸ್ಸಿಗೆ ಬಂದಷ್ಟು ತಿರುಗಿಸಿದ್ದೆ. ಅದರಿಂದ ಆಗಿದ್ದು ಕೆಟ್ಟದ್ದೇ.

ಹಾಗಾದರೆ ಹಳೆಯ ಮಾರ್ಟಿನ್ನಿನ ಕೋನ ಸರಿ ಮಾಡುವುದು ಹೇಗೆ? ಒಂದು ಫ್ರೆಟ್ ಕಿತ್ತು, ಅಲ್ಲಿ ಸಣ್ಣ ತೂತು ಕೊರೆದು, ಒಳಗೆ ಬಿಸಿ ಹಬೆ ಬಿಟ್ಟು ಅಂಟು ಮೆತ್ತಗಾಗಿಸಿ, ಕತ್ತನ್ನು ಬಿಚ್ಚಿ, ಬುಡವನ್ನು ಕೂದಲೆಳೆಯಷ್ಟು ಹೆರೆದು ಮತ್ತೆ ಕೂರಿಸಬೇಕು. ಪಳಗಿದ ಕೈಯೇ ಆಗಬೇಕು. ಅಮೆರಿಕದಲ್ಲಿ ಅಂಥವರು ಸಿಗುತ್ತಾರೆ, ನೂರಾರು ಡಾಲರ್ ಕೊಟ್ಟರೆ ಮಾಡಿಕೊಡುತ್ತಾರೆ. ನಮ್ಮೂರಲ್ಲಿ? ಹುಡುಕಬೇಕು.

ಈಗ ದೇಶದ ಆ ತುದಿಗೆ, ಕ್ಯಾಲಿಫೋರ್ನಿಯಾಕ್ಕೆ ಹೋಗೋಣ. ಸ್ಯಾನ್ ಡಿಯಾಗೋ ಹತ್ತಿರ ಲೆಮನ್ ಗ್ರೋವ್ ಅನ್ನುವಲ್ಲಿ ಅಮೆರಿಕನ್ ಡ್ರೀಮ್ ಅಂತ ಒಂದು ಪುಟ್ಟ ಗಿಟಾರ್ ಅಂಗಡಿ ಇತ್ತು. 1974ರಲ್ಲಿ ಮಾಲೀಕರು ಅದನ್ನು ಮಾರಿದಾಗ ಅಲ್ಲೇ ಕೆಲಸ ಮಾಡುತ್ತಿದ್ದ ಹುಡುಗರು ಕೊಂಡರು. ಬಾಬ್ ಟೇಲರ್, ಕರ್ಟ್ ಲಿಸ್ಟುಗ್, ಸ್ಟೀವ್ ಶೆಮರ್. ಬಾಬ್ ಟೇಲರ್‌ಗೆ ಆಗ 19 ವರ್ಷ. ನಾವು ಆ ವಯಸ್ಸಿನಲ್ಲಿ ಎಂ-3ಯಲ್ಲಿ ಬ್ಯಾಕ್ ಇಟ್ಟುಕೊಂಡು ಒದ್ದಾಡುತ್ತಿದ್ದೆವು.

ಟೇಲರ್‌ಗೆ ಗುರುಮನೆ ಇಲ್ಲ, ಸಂಘ ಇಲ್ಲ, ತಾತನ ಕಾಲದ ಪದ್ಧತಿ ಇಲ್ಲ. ಇದನ್ನು ಕೊರತೆ ಅಂತಲೂ ಅನ್ನಬಹುದು, ಸ್ವಾತಂತ್ರ್ಯ ಅಂತಲೂ ಅನ್ನಬಹುದು. ಕತ್ತನ್ನು ಅಂಟಿಸುವ ಬದಲು ಬೋಲ್ಟ್ ಹಾಕಿ ಕೂರಿಸಿದರು. ತೆಳುವಾದ, ಎಲೆಕ್ಟ್ರಿಕ್ ಗಿಟಾರಿನಷ್ಟು ಸಲೀಸಾಗಿ ನುಡಿಸಬಲ್ಲ ಕತ್ತು ಮಾಡಿದರು. ಮರದ ವಾದ್ಯಕ್ಕೆ ಬೋಲ್ಟೇ, ನಾದ ಹಾಳು ಅಂತ ಮೂಗು ಮುರಿದವರು ಬೇಕಾದಷ್ಟು ಜನ. ಆಮೇಲೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಿಎನ್‌ಸಿ ಯಂತ್ರಗಳನ್ನು ತಂದು ಕಾರ್ಖಾನೆಯಲ್ಲಿ ಕೂರಿಸಿದರು.

1999ರಲ್ಲಿ ಟೇಲರ್ ಹೊಸದೊಂದು ಕತ್ತು ತಂದಿತು. ಹೆಸರು ಎನ್‌ಟಿ. ಅದಕ್ಕೂ ಮೊದಲು ಬೋಲ್ಟ್ ಹಾಕಿದ ಕತ್ತಿನಲ್ಲೂ ಬೆರಳುಹಲಗೆಯ ತುದಿಯನ್ನು ಮೇಲುಹಲಗೆಗೆ ಅಂಟಿಸಿಯೇ ಇರುತ್ತಿದ್ದರು. ಎನ್‌ಟಿಯಲ್ಲಿ ಅದೂ ಇಲ್ಲ. ದೇಹದಲ್ಲಿ ಕರಾರುವಾಕ್ಕಾಗಿ ಕೊರೆದ ಗುಂಡಿಯೊಳಗೆ ಇಡೀ ಕತ್ತು ಕೂರುತ್ತದೆ. ನಡುವೆ ಕೂದಲೆಳೆ ಲೆಕ್ಕದಲ್ಲಿ ದಪ್ಪ ಬದಲಾಗುವ ತೆಳು ಚೂರುಗಳು. ಕೋನ ಬದಲಿಸಬೇಕೇ? ಬೋಲ್ಟ್ ಬಿಚ್ಚು, ಬೇರೆ ದಪ್ಪದ ಚೂರು ಹಾಕು, ಬೋಲ್ಟ್ ಬಿಗಿ ಮಾಡು. ಹಬೆ ಇಲ್ಲ, ಹೆರೆಯುವುದಿಲ್ಲ, ಕೆಲವೇ ನಿಮಿಷದ ಕೆಲಸ. 2025ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕತ್ತು ಬಿಚ್ಚುವುದೇ ಬೇಡ, ನಾದರಂಧ್ರದ ಒಳಗೆ ಒಂದು ಸಣ್ಣ ಸಾಧನ ತೂರಿಸಿ ತಿರುಗಿಸಿದರೆ ತಂತಿಯ ಎತ್ತರ ಬದಲಾಗುವ ಮಾದರಿಯನ್ನೂ ತಂದರು.

ಇದನ್ನು ಓದಿದಾಗ ನನಗೆ ನಗು ಬಂತು. ಇದು ಸ್ಟೌಫರನ ಗಡಿಯಾರದ ಕೀಲಿಯೇ ಅಲ್ಲವೇ! ಹಳೆಯ ಕಂಪನಿ ಹುಟ್ಟುವಾಗಲೇ ಕೈಯಲ್ಲಿ ಹಿಡಿದು ತಂದು ಬಿಟ್ಟುಬಿಟ್ಟದ್ದನ್ನು ಹೊಸ ಕಂಪನಿ ತಿರುಗಿ ಹುಡುಕಿಕೊಂಡಿತು. ಮಾರ್ಟಿನ್ ಸಂಪ್ರದಾಯ, ಟೇಲರ್ ಆಧುನಿಕ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಬೇರೆ. ಮಾರ್ಟಿನ್‌ನ ನಂಬಿಕೆ, ಸರಿಯಾಗಿ ಕಟ್ಟಿದ್ದು ಬಹಳ ಕಾಲ ನಿಲ್ಲುತ್ತದೆ. ಟೇಲರ್‌ನ ನಂಬಿಕೆ, ಎಷ್ಟೇ ಸರಿಯಾಗಿ ಕಟ್ಟಿದರೂ ಒಂದು ದಿನ ಅಲುಗುತ್ತದೆ, ಆ ದಿನಕ್ಕೆ ಬಾಗಿಲು ಇಟ್ಟೇ ಕಟ್ಟು. ಪ್ರೊಡಕ್ಷನ್ ಸಪೋರ್ಟ್ ಮಾಡಿದ ಯಾರಿಗಾದರೂ ಎರಡನೆಯದು ಬೇಗ ಅರ್ಥವಾಗುತ್ತದೆ.

ಇನ್ನೊಂದು ವಿಷಯ ಹೇಳದಿದ್ದರೆ ಈ ಬರಹ ಅಪೂರ್ಣ. ಅದು ಮರದ್ದು.

ಮಾರ್ಟಿನ್ ಡಿ-28 ಅನ್ನುವ ಹೆಸರಾಂತ ಗಿಟಾರಿನ ಬೆನ್ನು ಮತ್ತು ಪಕ್ಕಗಳು ರೋಸ್‌ವುಡ್. ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ಕಡಿವಾಣ ಹಾಕಿದಾಗ, 1969ರಲ್ಲಿ ಮಾರ್ಟಿನ್ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಭಾರತದ ರೋಸ್‌ವುಡ್ ಅಂದರೆ ಯಾವುದು ಗೊತ್ತೇ? ಬೀಟೆ! ನಮ್ಮ ಪಶ್ಚಿಮ ಘಟ್ಟದ ಬೀಟೆ ಮರ. ಟೇಲರ್ ಕೂಡ ತನ್ನ 800 ಸರಣಿಗೆ ಬಳಸುವುದು ಇದನ್ನೇ. ನಜರೆತ್‌ನಲ್ಲಿ ಗೈಡ್ "ಇಂಡಿಯನ್ ರೋಸ್‌ವುಡ್" ಅಂತ ಒಂದು ಹಲಗೆ ತೋರಿಸಿದಾಗ ಆ ನೇರಳೆ-ಕಂದು ಬಣ್ಣ, ಕಪ್ಪು ಗೆರೆ ನೋಡಿ ನನಗೆ ನೆನಪಾದದ್ದು ಕೊಪ್ಪದ ಹತ್ತಿರ ಅಜ್ಜಿಮನೆಯಲ್ಲಿರುವ ಮಂಚ. ನಾಲ್ಕು ಜನ ಹಿಡಿದರೂ ಕದಲದ ಮಂಚ. ನಾನು ಜ್ವರ ಬಂದು ಮಲಗಿದ್ದು, ಅಜ್ಜ ಕೊನೆಯುಸಿರೆಳೆದದ್ದು ಅದರ ಮೇಲೆಯೇ.

ಬೀಟೆ ಈಗ ಸುಲಭದ ಮರವಲ್ಲ. ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ದಿಮ್ಮಿಯನ್ನು ಹಾಗೇ ವಿದೇಶಕ್ಕೆ ಕಳಿಸುವಂತಿಲ್ಲ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವನ್ನೇ ಸೈಟಿಸ್ ಅನ್ನುವ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಿದಾಗ ಗಿಟಾರ್ ಕಂಪನಿಗಳು ಪ್ರತಿ ರಫ್ತಿಗೂ ಪರವಾನಗಿ ಪಡೆಯಬೇಕಾಯಿತು. 2019ರ ನವೆಂಬರಿನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್‌ನ ರೋಸ್‌ವುಡ್ ಮಾತ್ರ 1992ರಿಂದಲೂ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲೇ ಇದೆ. ಬ್ರೆಜಿಲ್ ಮರಕ್ಕೆ ಆದ ಗತಿ ಬೀಟೆಗೆ ಆಗದಿರಲಿ ಅನ್ನುವುದಷ್ಟೇ ನನ್ನ ಆಸೆ. ಹೀಗೆ ಯೋಚಿಸಿದ ಮೇಲೆ, ಹೊಸ ಗಿಟಾರಿಗಾಗಿ ಹೊಸ ಮರ ಯಾಕೆ, ಆಗಲೇ ಗಿಟಾರ್ ಆಗಿರುವ ಮರವೇ ಸಾಕಲ್ಲ ಅನ್ನಿಸಿತು. ಸೆಕೆಂಡ್ ಹ್ಯಾಂಡ್ ಹುಡುಕತೊಡಗಿದೆ. (ಜೇಬಿಗೂ ಅದೇ ಒಳ್ಳೆಯದಿತ್ತು ಅನ್ನುವುದು ಬೇರೆ ಮಾತು.)

ಕೊನೆಗೆ ಅಂಗಡಿಯೊಂದರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಅರ್ಧ ದಿನ ಕೂತೆ. ಒಂದು ಹಳೆಯ ಡಿ-28, ಒಂದು 2006ರ ಟೇಲರ್ 810. ಸುಳ್ಳು ಹೇಳುವುದಿಲ್ಲ, ಡಿ-28ರ ಕೆಳಗಿನ ತಂತಿ ಮೀಟಿದಾಗ ಎದೆಯೊಳಗೆ ತಂಬೂರಿ ಶ್ರುತಿ ಹಿಡಿದ ಹಾಗಾಯಿತು. ಟೇಲರ್ ಧ್ವನಿ ತಿಳಿ, ಒಂದೊಂದು ಸ್ವರವೂ ಬಿಡಿಬಿಡಿ. ನಾದ ಒಂದನ್ನೇ ನೋಡಿದ್ದರೆ ಮಾರ್ಟಿನ್ ಹೊತ್ತುಕೊಂಡು ಬರುತ್ತಿದ್ದೆ. ಆದರೆ ಮಾರ್ಟಿನ್‌ನ ಜೀವಮಾನದ ವಾರಂಟಿ ಮೊದಲು ಕೊಂಡವರಿಗೆ ಮಾತ್ರ, ಸೆಕೆಂಡ್ ಹ್ಯಾಂಡ್ ಕೊಂಡ ನನಗಲ್ಲ. ಆ ಡಿ-28ರ ತಂತಿ ಆಗಲೇ ತುಸು ಮೇಲಿತ್ತು. ನಾನು ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದೆ, ಆವತ್ತಿನ ರಿಪೇರಿಯವರ ಹಾಗೆ. ನಾನು ಹೋಗುತ್ತಿರುವುದು ಮಲೆನಾಡಿನ ಮಳೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿಗೆ. ಇನ್ನು ಹತ್ತು ವರ್ಷಕ್ಕೆ ಇದರ ಕತ್ತು ಏಳುತ್ತದೆ, ಆಗ ಮತ್ತೆ ಅಟ್ಟ. ಎರಡನೇ ಗಿಟಾರನ್ನು ಅಟ್ಟಕ್ಕೆ ಹಾಕುವ ಶಕ್ತಿ ನನಗಿಲ್ಲ.

ಟೇಲರ್ ತಂದೆ.

ಮನೆಗೆ ತಂದು ಮಡಿಲಲ್ಲಿಟ್ಟುಕೊಂಡು ನೋಡಿದಾಗ ಒಂದು ವಿಷಯ ಹೊಳೆಯಿತು. ಇದರ ಆಕಾರ ಡ್ರೆಡ್‌ನಾಟ್, ಮಾರ್ಟಿನ್‌ದು. ಒಳಗಿನ ಎಕ್ಸ್, ಮಾರ್ಟಿನ್‌ದು. ಬೆನ್ನು ನಮ್ಮ ಘಟ್ಟದ್ದು. ಟೇಲರ್‌ದು ಅಂತ ಇರುವುದು ಮುಖ್ಯವಾಗಿ ಈ ಕತ್ತು. ಎರಡು ತಿಂಗಳು ನಿದ್ದೆಗೆಟ್ಟು ನಾನು ಮಾರ್ಟಿನ್ ಬಿಟ್ಟು ಟೇಲರ್ ಆರಿಸಿಕೊಂಡೆ ಅಂದುಕೊಂಡರೆ, ಆರಿಸಿದ್ದು ಮೂರು ಬೋಲ್ಟುಗಳನ್ನು ಮಾತ್ರ!

ರಾತ್ರಿ ಅಜ್ಜಿಗೆ ಫೋನ್ ಮಾಡಿದ್ದೆ. ಗಿಟಾರ್ ಅಂದರೆ ಅವಳಿಗೆ ದೊಡ್ಡ ಪಿಟೀಲು. ಬೆಲೆ ಹೇಳಲಿಲ್ಲ, ಮರದ ವಿಷಯ ಮಾತ್ರ ಹೇಳಿದೆ.

"ಎಂತ ಮರ ಅಂದೆ? ಬೀಟೆಯಾ?"

"ಹೂಂ ಅಜ್ಜಿ, ಬೀಟೆಯೇ. ನಮ್ಮ ಮಂಚದ್ದೇ ಜಾತಿ."

"ಇಲ್ಲಿಂದ ಅಲ್ಲಿಗೆ ಹೋಗಿದ್ದಾ? ಮತ್ತೆ ನೀ ಎಂತಕ್ಕೆ ದುಡ್ಡು ಕೊಟ್ಟೆ ಮಾರಾಯ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಳೆಗಾಲದಲ್ಲಿ ಒಲೆ ಇರುವ ಕೋಣೆಯ ಪಕ್ಕದಲ್ಲಿಡು, ಬೂಸ್ಟು ಹಿಡಿಯಲ್ಲ. ನೀವಿಬ್ಬರೂ ಬೇಗ ಬನ್ನಿ" ಅಂದಳು.

ಡಿಸೆಂಬರಿನಲ್ಲಿ ಬರುತ್ತಿದ್ದೇವೆ. ಅಟ್ಟದಿಂದ ಹಳೆಯದನ್ನೂ ಇಳಿಸಿ ಒಮ್ಮೆ ಬಿಚ್ಚಿ ನೋಡಬೇಕೆಂದಿದ್ದೇನೆ. ಊರಲ್ಲಿ ಕತ್ತು ಕೂರಿಸಬಲ್ಲ ಆಚಾರಿಗಳು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.